ವಸ್ತಿ ಬಸ್ಸಿನ ಊರಲ್ಲಿ ಮೂರು ದಿನ

ಹೊರಡೋಕೆ ಮುಂಚೆ

ನಾನು ಪುಣೆ ಹತ್ರ ಭೋಸರಿ ಕಡೆ ಒಂದು ಶಾಲೆಲಿ ಟೀಚರ್, ತವರು ಇಂಡಿ ತಾಲೂಕು, ಭೀಮಾ ನದಿ ದಂಡೆ. 2025ರ ಜೂನ್ 16ಕ್ಕೆ ಜನಗಣತಿ ನೋಟಿಫಿಕೇಷನ್ ಬಂದಾಗಿಂದ ನಮ್ಮ ಸ್ಟಾಫ್ ರೂಮಲ್ಲಿ ಡ್ಯೂಟಿ ಯಾರಿಗೆ ಬೀಳುತ್ತೆ ಅನ್ನೋದೇ ಮಾತು. 2011 ಆದ್ಮೇಲೆ ದೇಶದಲ್ಲಿ ಗಣತಿನೇ ಆಗಿಲ್ಲ, 2021ರದ್ದು ಕೊರೊನಾ ಅಂತ ಮುಂದಕ್ಕೆ ಹೋಯ್ತು, ಈಗ 2027ರ ಮಾರ್ಚ್ 1ರ ಲೆಕ್ಕಕ್ಕೆ ಬಂದು ನಿಂತಿದೆ. ಹೇಗೂ ಮಾಡ್ಬೇಕಾಗಬಹುದು ಅಂತ ನಾನು ಪುಣೆ ಜಿಲ್ಲೆಯ 2011ರ ಗಣತಿ ಕೈಪಿಡಿ ಇಳಿಸ್ಕೊಂಡು ರಾತ್ರಿ ಊಟ ಆದ್ಮೇಲೆ ಓದ್ತಾ ಕೂತ್ಕೊತಿದ್ದೆ, ನಿಜ ಹೇಳ್ಬೇಕಂದ್ರೆ ಅದು ನಂಗೆ ಹಿಡಿಸಿಬಿಡ್ತು.

ಒಂದೊಂದು ಹಳ್ಳಿಗೆ ಒಂದು ಸಾಲು. ಮನೆ ಎಷ್ಟು, ಜನ ಎಷ್ಟು, ಗಂಡಸರು ಹೆಂಗಸರು ಎಷ್ಟು, ಆರು ವರ್ಷದ ತನಕದ ಮಕ್ಕಳು ಎಷ್ಟು. ಇನ್ನೊಂದು ಪಟ್ಟಿಲಿ ಶಾಲೆ, ದವಾಖಾನೆ, ಪೋಸ್ಟು, ಬಸ್ಸು, ರೈಲು ಇದೆಯೋ ಇಲ್ವೋ ಅಂತ. ಇಲ್ಲ ಅಂದ್ರೆ ಎಷ್ಟು ದೂರದಲ್ಲಿ ಇದೆ ಅನ್ನೋದಕ್ಕೆ ಒಂದು ಅಕ್ಷರ ಇರುತ್ತೆ, ಎ ಅಂದ್ರೆ 5 ಕಿಲೋಮೀಟರ್ ಒಳಗೆ, ಬಿ ಅಂದ್ರೆ 5ರಿಂದ 10, ಸಿ ಅಂದ್ರೆ 10ಕ್ಕಿಂತ ಜಾಸ್ತಿ. ಈ ಸಿ ಅನ್ನೋ ಅಕ್ಷರದ ಮೇಲೆ ನನ್ನ ಕಣ್ಣು ನಿಂತುಬಿಡ್ತು, ಯಾಕಂದ್ರೆ 11 ಕಿಲೋಮೀಟರೂ ಸಿ, 70 ಕಿಲೋಮೀಟರೂ ಸಿ. ಹಾಗೇ ಬಸ್ಸಿನ ಕಾಲಮ್ಮಲ್ಲಿ ಹೌದು ಅಂತ ಇದ್ರೆ ಅಷ್ಟೇ, ಅದು ದಿನಕ್ಕೆ ಹತ್ತು ಸಲ ಬರೋದೋ ಒಂದೇ ಸಲ ಬರೋದೋ ಅಲ್ಲಿ ಗೊತ್ತಾಗಲ್ಲ.

ನಮ್ಮ ಶಾಲೆಲಿ ಕೆಲಸ ಮಾಡೋ ಮಾವಶಿ, ಅಂದ್ರೆ ಆಯಾ, ಅವರ ಊರು ಅಂಬೇಗಾವ್ ತಾಲೂಕಿನ ಪಶ್ಚಿಮದ ತುದಿ, ಡಿಂಭೆ ಡ್ಯಾಮ್ ದಾಟಿ ಮೇಲೆ. ಮಹಾದೇವ ಕೋಳಿ ಅನ್ನೋ ಆದಿವಾಸಿ ಜನ ಅವರು. ಇದನ್ನೆಲ್ಲ ಅವರಿಗೆ ತೋರಿಸಿದಾಗ, ಟೀಚರ್ ದೀಪಾವಳಿ ರಜೆಲಿ ಬಂದುಬಿಡಿ, ಭತ್ತದ ಕೊಯ್ಲೂ ನಡೀತಿರುತ್ತೆ, ಕಣ್ಣಾರೆ ನೋಡಿ ಅಂದ್ರು. ಊರಿನ ಹೆಸರು ಬರೀಬೇಡಿ ಅಂತಲೂ ಅಂದ್ರು, ಅದಕ್ಕೆ ಬರೀತಿಲ್ಲ.

ಜೊತೆಗೆ ಬಂದಿದ್ದು ನಮ್ಮ ಸೋದರಮಾವ. ಇಂಡಿ, ವಿಜಯಪುರ, ಸೋಲಾಪುರ ರೂಟಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿ ರಿಟೈರ್ ಆದವರು, ವಯಸ್ಸು 63, ಹಬ್ಬಕ್ಕೆ ಅಂತ ನಮ್ಮನೆಗೆ ಬಂದಿದ್ರು. ಹಳ್ಳಿಗೆ ಹೊರಟೀನಿ ಮಾಮಾ ಅಂದ್ರೆ ಅವರು ಕೇಳಿದ್ದು ಒಂದೇ ಮಾತು: "ವಸ್ತಿ ಬಸ್ ಅದನೇನು ಅಲ್ಲಿಗೆ?"

ವಸ್ತಿ ಬಸ್ ಅಂದ್ರೆ ಗೊತ್ತಲ್ಲ, ಸಂಜೆ ಕೊನೇ ಟ್ರಿಪ್ಪಿಗೆ ಹಳ್ಳಿಗೆ ಹೋಗಿ ರಾತ್ರಿ ಅಲ್ಲೇ ನಿಂತು ಬೆಳಗಿನ ಜಾವ ವಾಪಸ್ ಹೊರಡೋ ಬಸ್ಸು. ಇಲ್ಲಿ ಅದಕ್ಕೆ ಮುಕ್ಕಾಮಿ ಗಾಡಿ ಅಂತಾರೆ. ಅದ ಅಂದೆ. ಬ್ಯಾಗ್ ತಗೊಂಡು ರೆಡಿ ಆಗಿಬಿಟ್ರು.

ಮೊದಲನೇ ದಿನ, ಶುಕ್ರವಾರ

ಭೋಸರಿಯಲ್ಲೇ ರೋಡಿಗೆ ನಿಂತು ಬಸ್ ಹಿಡೀಬಹುದಿತ್ತು, ಮಾಮಾ ಒಪ್ಪಲಿಲ್ಲ, ಮೂಲ ಸ್ಟ್ಯಾಂಡಿಂದ ಹತ್ತಿದ್ರೇನೇ ಸೀಟು ಅಂತ. ಅದಕ್ಕೆ ನಾಸಿಕ್ ಫಾಟಾದಿಂದ ಮೆಟ್ರೋ ಹಿಡಿದು ಉಲ್ಟಾ ಶಿವಾಜಿನಗರಕ್ಕೆ ಹೋಗಿ, ಅಲ್ಲಿಂದ ಆಟೋದಲ್ಲಿ ವಾಕಡೇವಾಡಿ ಸ್ಟ್ಯಾಂಡಿಗೆ ಬಂದ್ವಿ. ಮೆಟ್ರೋ ಕೆಲಸ ಶುರು ಆದ್ಮೇಲೆ ಶಿವಾಜಿನಗರದ ಎಸ್‌ಟಿ, ಅಂದ್ರೆ ಮಹಾರಾಷ್ಟ್ರದ ಸರ್ಕಾರಿ ಬಸ್ಸಿನ, ಸ್ಟ್ಯಾಂಡ್ ಇಲ್ಲಿಗೆ ಬಂದಿದೆ, ನಾಸಿಕ್ ಕಡೆ, ಭೀಮಾಶಂಕರ ಕಡೆ ಹೋಗೋ ಗಾಡಿಗಳೆಲ್ಲ ಇಲ್ಲಿಂದಾನೇ.

ಎಸ್‌ಟಿ ಅಂದ್ರೆ ಮಾಮಾಗೆ ಬಹಳ ಮರ್ಯಾದೆ. 1948ರ ಜೂನ್ 1ಕ್ಕೆ ಇದರ ಮೊದಲನೇ ಗಾಡಿ ಇದೇ ಪುಣೆಯಿಂದ ಅಹಮದ್‌ನಗರಕ್ಕೆ ಓಡಿದ್ದು, ಅದನ್ನ ಅವರು ತಮ್ಮ ಮನೆ ಹಿರಿಯರ ಲಗ್ನದ ತಾರೀಖು ಹೇಳಿದ ಹಾಗೆ ಹೇಳಿದ್ರು. ಹತ್ತಿದ ಕೂಡ್ಲೇ ಮೇಲೆ ನೋಡಿ ಖುಷಿಯಾದ್ರು. ಡ್ರೈವರ್ ತಲೆ ಹತ್ರ ಒಂದು ಗಂಟೆ, ಅದಕ್ಕೊಂದು ಹಗ್ಗ, ಬಸ್ಸಿನ ಉದ್ದಕ್ಕೂ ಛಾವಣಿ ಕೆಳಗೆ ಎಳೆದಿದ್ದಾರೆ. ಒಂದು ಸಲ ಎಳೆದ್ರೆ ನಿಲ್ಲಿಸು, ಎರಡು ಸಲ ಎಳೆದ್ರೆ ಹೊರಡು. "ನಾವು ಮೂವತ್ತು ವರ್ಷ ಸೀಟಿ ಊದಿದ್ವಿ, ರೈಟ್ ರೈಟ್ ಅಂತ ಗಂಟಲು ಹರ್ಕೊಂಡ್ವಿ, ಇವರದು ನೋಡವ್ವಾ, ಹಿಂದಿನ ಸೀಟಿಂದಾನೂ ಡ್ರೈವರ್ ಸಂಗಡ ಮಾತಾಡ್ತಾರ" ಅಂದ್ರು. ಹಗ್ಗ ಕೈ ತಾಗಿ ತಾಗಿ ಕಪ್ಪಗೆ ನುಣುಪಾಗಿತ್ತು, ಮಧ್ಯೆ ಒಂದು ಕಡೆ ತುಂಡಾಗಿದ್ದಕ್ಕೆ ನೀಟಾಗಿ ಗಂಟು ಹಾಕಿದ್ರು.

ನಂಗೆ ಅರ್ಧ ಟಿಕೆಟ್, 2023ರ ಮಾರ್ಚಿಂದ ಇಲ್ಲಿ ಹೆಂಗಸರಿಗೆ ಎಸ್‌ಟಿಯಲ್ಲಿ ಅರ್ಧ ಚಾರ್ಜು. ಮಾಮಾಗೆ ಫುಲ್. ನಮ್ಮ ಕಡೆ ಶಕ್ತಿ ಯೋಜನೆ ಬಂದಿದ್ದು ಅದೇ ವರ್ಷ ಜೂನಲ್ಲಿ, ಹಿಂಗಾಗಿ ಎರಡೂ ರಾಜ್ಯದಲ್ಲಿ ಹಳ್ಳಿ ಬಸ್ಸಲ್ಲಿ ಈಗ ಹೆಂಗಸರು ಜಾಸ್ತಿ ಕಾಣ್ತಾರೆ, ಇದು ನಂಗೆ ಬಹಳ ಒಳ್ಳೇದು ಅನ್ಸುತ್ತೆ. ಮುಂಚೆ ನಮ್ಮವ್ವ ತವರಿಗೆ ಹೋಗ್ಬೇಕಂದ್ರೆ ಚಾರ್ಜಿಗೆ ಅಪ್ಪನ ಮುಖ ನೋಡ್ಬೇಕಿತ್ತು.

ಭೋಸರಿ, ಮೋಶಿ, ಚಾಕಣ. ಚಾಕಣ ಚೌಕಲ್ಲಿ ಮುಕ್ಕಾಲು ಗಂಟೆ ನಿಂತ್ವಿ, ಕಂಪನಿ ಬಸ್ಸು, ಕಂಟೇನರ್ರು, ಬೈಕು ಎಲ್ಲ ಸೇರಿ. ಅಲ್ಲಿ ಕಿಟಕಿ ಹೊರಗೆ ನೋಡಿದ್ರೆ ನಾನು ಓದಿದ ಅಂಕಿಗಳೇ ನಿಂತಿದ್ವು. ಪಿಂಪ್ರಿ ಚಿಂಚ್‌ವಡ್ ಜನಸಂಖ್ಯೆ 2001ರಲ್ಲಿ 10 ಲಕ್ಷ, 2011ಕ್ಕೆ 17 ಲಕ್ಷ ದಾಟಿತ್ತು. ಆ ಏಳು ಲಕ್ಷ ಎಲ್ಲಿಂದ ಬಂದ್ರು? ನಮ್ಮ ಇಂಡಿ, ಸಿಂದಗಿ, ಅಫಜಲಪುರದಿಂದ ಬಂದವರಿದ್ದಾರೆ, ಬಿಹಾರದಿಂದ ಬಂದವರಿದ್ದಾರೆ, ಮತ್ತೆ ಇಲ್ಲೇ ಅರವತ್ತು ಎಪ್ಪತ್ತು ಕಿಲೋಮೀಟರ್ ದೂರದ ಗುಡ್ಡದ ಊರುಗಳಿಂದ ಇಳಿದು ಬಂದವರೂ ಇದ್ದಾರೆ, ನಮ್ಮ ಮಾವಶಿ ತರ.

ರಾಜಗುರುನಗರ ದಾಟಿ ಮಂಚರ್‌ಗೆ ಬರೋ ಹೊತ್ತಿಗೆ ಮಧ್ಯಾಹ್ನ ಮೂರೂವರೆ. ಮಂಚರ್ ದೊಡ್ಡ ಪೇಟೆ, ಉಳ್ಳಾಗಡ್ಡಿ ಬಟಾಟೆ ವ್ಯಾಪಾರ, ಸುತ್ತ ಕಬ್ಬು, ಕಾಲುವೆ ನೀರು. ಅಂಬೇಗಾವ್ ತಾಲೂಕು ಅಂದ್ರೆ ಎರಡು ತಾಲೂಕು ಅಂತಾನೇ ತಿಳ್ಕೊಳ್ಳಿ, ಹೈವೇ ಪೂರ್ವಕ್ಕೆ ನೀರಾವರಿ, ಪಶ್ಚಿಮಕ್ಕೆ ಗುಡ್ಡ. ನೀರು ಕೊಡೋದು ಪಶ್ಚಿಮ, ಬೆಳೆ ಬೆಳೆಯೋದು ಪೂರ್ವ. ಘೋಡ್ ನದಿಗೆ ಡಿಂಭೆ ಹತ್ರ ಕಟ್ಟಿದ ಡ್ಯಾಮಲ್ಲಿ ತಾಲೂಕಿಗೆ ಹೆಸರು ಕೊಟ್ಟ ಹಳೇ ಅಂಬೇಗಾವ್ ಊರೇ ಮುಳುಗಿ ಹೋಯ್ತು. ಹೆಸರು ತಾಲೂಕಿಗೆ ಉಳೀತು, ಊರು ನೀರೊಳಗೆ. ರೈಲು ಅಂತೂ ಈ ತಾಲೂಕಿಗೆ ಇನ್ನೂ ಬಂದೇ ಇಲ್ಲ, ಪುಣೆ ನಾಸಿಕ್ ಲೈನ್ ಮಾತು ವರ್ಷಗಳಿಂದ ನಡೀತಾ ಇದೆ.

ಮಂಚರ್‌ನಿಂದ ಘೋಡೇಗಾವ್, ತಾಲೂಕು ಕಚೇರಿ ಇರೋದು ಅಲ್ಲಿ. ಘೋಡೇಗಾವ್ ಸ್ಟ್ಯಾಂಡಲ್ಲಿ ಆರು ಗಂಟೆಗೆ ನಮ್ಮ ಮುಕ್ಕಾಮಿ ಗಾಡಿ ಬಂತು. ಹತ್ತಿದವರೆಲ್ಲ ಒಬ್ಬರಿಗೊಬ್ಬರು ಪರಿಚಯ, ಯಾವ ಸೀಟು ಯಾರದು ಅಂತಾನೂ ಗೊತ್ತಿರೋ ಹಾಗೆ ಕೂತ್ರು. ಕಾಲೇಜ್ ಹುಡುಗೀರು, ಬಜಾರ್ ಮಾಡ್ಕೊಂಡು ಬಂದ ಹೆಂಗಸರು, ಗೊಬ್ಬರದ ಚೀಲ, ಒಂದು ಹೊಸ ಪ್ಲಾಸ್ಟಿಕ್ ಕುರ್ಚಿ, ಬುಟ್ಟಿಲಿ ಎರಡು ಕೋಳಿ. ಕಂಡಕ್ಟರ್ ಯಾರಿಗೂ ಎಲ್ಲಿಗೆ ಅಂತ ಕೇಳ್ತಿರಲಿಲ್ಲ, ಮುಖ ನೋಡಿ ಮಷೀನಲ್ಲಿ ಒತ್ತೋದು, ಟಿಕೆಟ್ ಕೊಡೋದು. ನಮ್ಮಿಬ್ಬರಿಗೆ ಮಾತ್ರ ಕೇಳಿದ. ಮಾಮಾ ನನ್ನ ಕಿವಿಲಿ, "ಇವ ಈ ರೂಟಿಗೆ ಹಳಬ" ಅಂದ್ರು.

ಡಿಂಭೆ ದಾಟಿದ ಮೇಲೆ ಎಡಕ್ಕೆ ಕತ್ತಲೆಲಿ ನೀರು ಹೊಳೀತಾ ಇತ್ತು, ರೋಡು ಸಣ್ಣದಾಗ್ತಾ ಹೋಯ್ತು, ಒಂದೊಂದು ಫಾಟಾಕ್ಕೆ, ಅಂದ್ರೆ ಕವಲು ದಾರಿಗೆ, ಒಬ್ಬೊಬ್ಬರೇ ಇಳಿದು ಟಾರ್ಚ್ ಹಾಕ್ಕೊಂಡು ಹೊಲದ ದಾರಿ ಹಿಡೀತಿದ್ರು. ಒಂಟಿ ಹೆಂಗಸು ಇಳಿದ ಕಡೆ ಮಾತ್ರ ಡ್ರೈವರ್ ಗಾಡಿ ತಕ್ಷಣ ಬಿಡ್ತಿರಲಿಲ್ಲ, ಆಕೆ ಮನೆ ಕಡೆಯಿಂದ ಯಾರದಾದ್ರೂ ಟಾರ್ಚ್ ಬೆಳಕು ಕಾಣೋವರೆಗೂ ಹೆಡ್‌ಲೈಟ್ ಆ ಕಡೆಗೇ ಇಟ್ಕೊಂಡು ನಿಂತಿದ್ದ. ಚಿರತೆ ಭಯ ಇದೆ ಈ ಕಡೆ.

ಎಂಟು ಗಂಟೆಗೆ ಊರು. ಮಾವಶಿ ಗಂಡ, ಮಕ್ಕಳು, ಮೈದುನ ಎಲ್ಲ ಸ್ಟಾಪಲ್ಲೇ ಕಾಯ್ತಾ ನಿಂತಿದ್ರು. ಮಾರುತಿ ಗುಡಿ ಮುಂದೆ ಅರಳೀಕಟ್ಟೆ ಹತ್ರ ಗಾಡಿ ತಿರುಗಿಸಿ ಮೂತಿ ಬೆಳಗಿನ ದಾರಿಗೆ ಮಾಡಿ ನಿಲ್ಲಿಸಿದ್ರು. ಎಲ್ಲರೂ ಇಳಿದ ಮೇಲೂ ಮಾಮಾ ಇಳೀಲಿಲ್ಲ, ಕಂಡಕ್ಟರ್ ಲೆಕ್ಕ ಮುಗಿಸೋದನ್ನ ನೋಡ್ತಾ ಕೂತ್ರು. ಇವರ ಕಾಲದಲ್ಲಿ ಟಿಕೆಟ್ ಟ್ರೇ, ಪಂಚು, ಪ್ರತಿ ಸ್ಟೇಜಿಗೂ ಯಾವ ನಂಬರ್ ಟಿಕೆಟಿಗೆ ನಿಂತಿದೆ ಅಂತ ವೇ ಬಿಲ್ಲಲ್ಲಿ ಬರೀಬೇಕಿತ್ತು, ರಾತ್ರಿ ಹಳ್ಳಿಲಿ ಕಂದೀಲು ಹಚ್ಕೊಂಡು ಚಿಲ್ಲರೆ ಎಣಿಸಿ ಕ್ಯಾಶ್ ಬ್ಯಾಗ್ ತಲೆಗಿಟ್ಟು ಮಲಗೋದು. ಈಗ ಮಷೀನು ಒಂದು ಉದ್ದದ ಚೀಟಿ ಕಕ್ಕುತ್ತೆ. ಆದ್ರೆ ಬ್ಯಾಗ್ ತಲೆದಿಂಬು ಆಗೋದು ಹಂಗೇ ಇದೆ. ಆ ಕಂಡಕ್ಟರ್‌ಗೆ ಮರಾಠಿಲಿ ತಾನೂ ಇದೇ ಕೆಲಸದವನು ಅಂತ ಹೇಳಿದ್ದೇ ತಡ, ಅವರಿಬ್ಬರೂ ಅರ್ಧ ಗಂಟೆ ಇಳೀಲೇ ಇಲ್ಲ.

ಮನೇಲಿ ನಾಚಣಿ ಭಾಕ್ರಿ, ಅಂದ್ರೆ ರಾಗಿ ರೊಟ್ಟಿ, ಪಿಠ್ಲ, ಹಸಿಮೆಣಸಿನಕಾಯಿ ಠೇಚಾ. ಊಟಕ್ಕೆ ಮುಂಚೆ ಮಾವಶಿ ಅತ್ತೆ ಎರಡು ತಟ್ಟೆ ಬೇರೆ ಮಾಡಿ ಬಟ್ಟೆ ಮುಚ್ಚಿ ಹುಡುಗನ ಕೈಲಿ ಬಸ್ಸಿಗೆ ಕಳಿಸಿದ್ರು, ಡ್ರೈವರ್ ಕಂಡಕ್ಟರ್‌ಗೆ. ದಿನಾ ಒಂದೊಂದು ಮನೆ ಪಾಳಿ ಅಂತೆ. ಮಾಮಾ ಕೈ ರೊಟ್ಟಿ ಮೇಲೇ ನಿಂತುಬಿಡ್ತು. "ನಮಗೂ ಹಿಂಗೇ ತರತಿದ್ರವ್ವಾ, ಜೋಳದ ರೊಟ್ಟಿ, ಪುಂಡಿಪಲ್ಯ, ಹೊಲದಾಗಿನ ಹಸಿ ಉಳ್ಳಾಗಡ್ಡಿ. ಆ ಊರಿನ ಅವ್ವಗಳ ಮಾರಿ ಇನ್ನೂ ಕಣ್ಣಾಗ ಅದಾವ" ಅಂದ್ರು.

ಎರಡನೇ ದಿನ, ಶನಿವಾರ

ಐದೂವರೆಗೆ ಬಸ್ ಹಾರ್ನ್ ಕೇಳಿ ಎಚ್ಚರ ಆಯ್ತು. ಒಂದು ಉದ್ದ, ಎರಡು ಗಿಡ್ಡ, ಹೊರಡೋಕೆ ಹದಿನೈದು ನಿಮಿಷ ಇದೆ ಅಂತ ಊರಿಗೆ ಹೇಳೋದು. ಹೋದ್ಮೇಲೆ ಊರು ಮತ್ತೆ ಸುಮ್ಮನಾಯ್ತು. ಮುಂದಿನ ಬಸ್ಸು ಸಂಜೆ ಅದೇ ಗಾಡಿ, ನಡುವೆ ಏನಾದ್ರೂ ಬೇಕಂದ್ರೆ ಶೇರಿಂಗ್ ಜೀಪು, ನಮ್ಮ ಕಡೆ ಕ್ರೂಸರ್, ಟಂಟಂ ಇದ್ದ ಹಾಗೆ, ತುಂಬಿದಾಗ ಹೊರಡುತ್ತೆ.

ಬೆಳಗ್ಗೆ ಗದ್ದೆಗೆ ಹೋಗಿ ಸ್ವಲ್ಪ ಹೊತ್ತು ಇಂದ್ರಾಯಣಿ ಭತ್ತ ಕೊಯ್ದೆ, ಕೈ ತರಚಿತು. ಆಮೇಲೆ ಮಾವಶಿ ಮೈದುನನ ಜೊತೆ ಮೇಲಿನ ವಾಡಿಗೆ ಹತ್ತಿದ್ವಿ. ಇಲ್ಲಿ ಒಂದು ಊರು ಅಂದ್ರೆ ಒಂದೇ ಕಡೆ ಇರಲ್ಲ, ಗಾವಠಾಣ ಅಂತ ಒಂದು ಮುಖ್ಯ ಜಾಗ, ಸುತ್ತ ಗುಡ್ಡದ ಮೇಲೆ ಅಲ್ಲಲ್ಲಿ ವಾಡಿಗಳು. ಗಣತಿ ಪುಸ್ತಕದಲ್ಲಿ ಕಂದಾಯ ಗ್ರಾಮಕ್ಕೆ ಒಂದೇ ಸಾಲು, ವಾಡಿಗಳೆಲ್ಲ ಅದರೊಳಗೇ. ಹಿಂಗಾಗಿ ಬಸ್ಸು ಗಾವಠಾಣಕ್ಕೆ ಬಂದ್ರೆ ಸಾಕು, ಇಡೀ ಊರಿಗೆ ಬಸ್ಸಿದೆ ಅಂತ ಆಗುತ್ತೆ. ವಾಡಿಯಿಂದ ಬಸ್ಸಿಗೆ ನಾವು ನಡೆದಿದ್ದು ಐವತ್ತು ನಿಮಿಷ, ಅದೂ ಮಳೆ ನಿಂತ ಮೇಲಿನ ಒಣ ದಾರಿಲಿ. ಮಳೆಗಾಲದಲ್ಲಿ ಎರಡು ಹಳ್ಳ ಅಡ್ಡ ಬರುತ್ತೆ.

ವಾಡಿಲಿ ಒಬ್ಬರು ಆಜಿ ಅಂಗಳದಲ್ಲಿ ಕೂತು ಭತ್ತ ತೂರ್ತಿದ್ರು. ಇಲ್ಲಿ ಎಷ್ಟು ಜನ ಇದ್ದೀರಿ ಆಜಿ ಅಂದೆ. ಅವರು ಜನ ಎಣಿಸಲಿಲ್ಲ, ಒಲೆ ಎಣಿಸಿದ್ರು. ಬೆರಳು ಗೆಣ್ಣು ಗೆಣ್ಣಿಗೆ ಹೆಬ್ಬೆರಳು ಇಟ್ಟು, ಮನೆ ಮನೆ ಹೆಸರು ಹಿಡಿದು, ಈ ಒಲೆ ಉರೀತದೆ, ಈ ಒಲೆ ಹಬ್ಬಕ್ಕೆ ಹೊತ್ತಿದ್ದು ನಾಳೆ ಆರುತ್ತೆ, ಈ ಒಲೆ ಮಗ ಭೋಸರಿಗೆ ಕರ್ಕೊಂಡು ಹೋದಾಗಿಂದ ತಣ್ಣಗಿದೆ ಅಂತ. ನಾನು ನೋಟ್‌ಬುಕ್ಕಲ್ಲಿ ಬರ್ಕೊಂಡೆ. ಒಟ್ಟು 34 ಒಲೆ. ದೀಪಾವಳಿಗೆ ಉರೀತಿರೋದು 31. ಸೋಮವಾರದಿಂದ ಉರಿಯೋದು 14. ಮತ್ತೆ ಬೇಸಿಗೆಲಿ ಹಿರಡಾ, ಅಂದ್ರೆ ನಮ್ಮ ಅಳಲೆಕಾಯಿ, ಉದುರೋ ಹೊತ್ತಿಗೆ ಒಂದಷ್ಟು ಜನ ಬರ್ತಾರೆ, ಮಳೆಗಾಲಕ್ಕೆ ಭತ್ತದ ನಾಟಿಗೆ ಇನ್ನೊಂದಷ್ಟು. ಒಂದೇ ಊರಿನ ಜನಸಂಖ್ಯೆ ವರ್ಷದಲ್ಲಿ ಮೂರು ಸಲ ಉಬ್ಬಿ ಇಳಿಯುತ್ತೆ.

ಇಲ್ಲಿ ನನ್ನ ತಲೆ ಓಡಿದ್ದು ಹೇಳ್ತೀನಿ. 2011ರ ಗಣತಿ ನಡೆದಿದ್ದು ಫೆಬ್ರುವರಿ 9ರಿಂದ 28, ಮುಂದಿನದೂ 2027ರ ಫೆಬ್ರುವರಿಲಿ. ಈ ಗುಡ್ಡದಲ್ಲಿ ಫೆಬ್ರುವರಿ ಅಂದ್ರೆ ಭತ್ತ ಮುಗಿದು, ಹಿರಡಾ ಇನ್ನೂ ಶುರು ಆಗದೆ, ಜಾಸ್ತಿ ಜನ ಕೆಳಗೆ ಕೆಲಸಕ್ಕೆ ಹೋಗಿರೋ ಹೊತ್ತು. ಎಲ್ಲಿ ವಾಸ ಅಲ್ಲೇ ಲೆಕ್ಕ ಅನ್ನೋದು ನಿಯಮ, ಅದು ಸರಿನೇ, ಭೋಸರಿಲಿ ಇರೋರು ಭೋಸರಿಲೇ ಬರ್ಬೇಕು. ಆದ್ರೆ ಅದೇ ಅಂಕಿ ಮೇಲೆ ರೋಡು ಬರುತ್ತೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರ್ 25ಕ್ಕೆ ಶುರು ಆದಾಗ ಬಯಲು ಸೀಮೆಲಿ 500 ಜನ ಇರೋ ವಸ್ತಿಗೆ, ಅಂದ್ರೆ ಜನವಸತಿಗೆ, ಗುಡ್ಡಗಾಡು ರಾಜ್ಯ ಮತ್ತೆ ಆದಿವಾಸಿ ಪ್ರದೇಶದಲ್ಲಿ 250 ಇದ್ರೂ ರೋಡು ಅಂತ ಇತ್ತು, ಲೆಕ್ಕ 2001ರ ಗಣತಿದು. 2024ರಲ್ಲಿ ಒಪ್ಪಿಗೆ ಸಿಕ್ಕ ನಾಲ್ಕನೇ ಹಂತದಲ್ಲೂ ಅದೇ 500, 250, ಲೆಕ್ಕ ಮಾತ್ರ 2011ರದ್ದು, ದೇಶದಲ್ಲಿ 25,000 ವಸ್ತಿಗಳಿಗೆ ರೋಡು ಮಾಡೋದು ಗುರಿ. ಅಂಬೇಗಾವ್‌ನ ಈ ಭಾಗ ಅನುಸೂಚಿತ, ಅಂದ್ರೆ ಆದಿವಾಸಿ, ಪ್ರದೇಶಕ್ಕೆ ಸೇರಿದ್ದು, ಹಾಗಾಗಿ 250 ಸಾಕು. ಆದ್ರೆ 34 ಒಲೆಲಿ 14 ಉರಿಯೋ ಹೊತ್ತಲ್ಲಿ ಎಣಿಸಿದ್ರೆ 250 ಎಲ್ಲಿಂದ ಆಗ್ಬೇಕು? ರೋಡಿಲ್ಲ ಅಂತ ಜನ ಇಳಿದು ಹೋಗ್ತಾರೆ, ಜನ ಇಲ್ಲ ಅಂತ ರೋಡು ಬರಲ್ಲ. ಮೈದುನ ಪಂಚಾಯ್ತಿ ಮೆಂಬರ್, ಅವನಿಗೆ ಈ ಲೆಕ್ಕ ಬಾಯಿಪಾಠ. ಅಕ್ಕಪಕ್ಕದ ವಾಡಿಗಳನ್ನ ಒಟ್ಟು ಸೇರಿಸಿ ಒಂದೇ ವಸ್ತಿ ಅಂತ ತೋರಿಸೋಕೆ ಅವಕಾಶ ಇದೆ, ಅದರ ಅರ್ಜಿ ಬರೀತಿದ್ದ. ಕರಡು ತೋರಿಸಿದ, ಸ್ಕೂಲ್ ನೋಟ್‌ಬುಕ್ ಹಾಳೆಲಿ, ವಾಡಿ ನಡುವಿನ ಕಾಲುದಾರಿ ದೂರ ಹಗ್ಗ ಹಿಡಿದು ಅಳೆದು ಬರೆದಿದ್ದ. ಟೀಚರ್ ಆಗಿ ಹೇಳ್ತೀನಿ, ಇಷ್ಟು ಚೊಕ್ಕ ಕೆಲಸ ನೋಡಿ ಬಹಳ ದಿನ ಆಗಿತ್ತು.

ಮಧ್ಯಾಹ್ನ ಜೀಪ್ ತುಂಬೋದು ಕಾದು ಮಾಳಿಣ್‌ಗೆ ಹೋದ್ವಿ. ಮಾಮಾಗೆ ನಾನು ಮುಂಚೆನೇ ಹೇಳಿರಲಿಲ್ಲ, ದಾರಿಲಿ ಹೇಳಿದೆ.

2014ರ ಜುಲೈ 30, ಬೆಳಗಿನ ಹೊತ್ತು, ಜೋರು ಮಳೆ. ಗುಡ್ಡ ಕುಸಿದು ಮಾಳಿಣ್ ಗಾವಠಾಣದ ಮೇಲೆ ಬಂತು. 151 ಜನ ಹೋದ್ರು. ಹೊರಗಿನ ಜಗತ್ತಿಗೆ ಅದು ಗೊತ್ತಾಗಿದ್ದು ಹೇಗೆ ಅಂದ್ರೆ, ಆ ದಾರಿಲಿ ಬಂದ ಎಸ್‌ಟಿ ಬಸ್ಸಿನ ಡ್ರೈವರ್‌ಗೆ ಊರು ಇರೋ ಜಾಗದಲ್ಲಿ ಊರೇ ಕಾಣಲಿಲ್ಲ, ಬರೀ ಮಣ್ಣು. ಅವರು ತಿಳಿಸಿದ ಮೇಲೇನೇ ಸುದ್ದಿ ತಲುಪಿದ್ದು.

ಮಾಮಾ ಎಷ್ಟೋ ಹೊತ್ತು ಮಾತಾಡಲಿಲ್ಲ. ಸ್ಮಾರಕದ ಹತ್ರ ಚಪ್ಪಲಿ ಬಿಟ್ಟು ನಿಂತ್ರು. ಗುಡ್ಡದ ಮೈ ಮೇಲೆ ಹುಲ್ಲು ಬಂದು ಹಸಿರಾಗಿದೆ, ಎಲ್ಲಿ ಜಾರಿತ್ತು ಅನ್ನೋದು ಗೊತ್ತಿದ್ದವರಿಗೆ ಮಾತ್ರ ಕಾಣುತ್ತೆ. ಆಮೇಲೆ ನಿಧಾನಕ್ಕೆ ಅಂದ್ರು, "ಸ್ಟಾಪಿನ್ಯಾಗ ಯಾರಾರ ಒಬ್ಬರು ಬರಲಿಲ್ಲಂದ್ರ ನಮಗ ಗೊತ್ತಾಗ್ತಿತ್ತು ತಂಗಿ. ಆ ಮುದುಕಿ ಇವತ್ತ ಯಾಕ ಬಂದಿಲ್ಲ, ಆ ಹುಡುಗ ಸಾಲಿ ಬಿಟ್ಟನೇನು ಅಂತ. ಗಣತಿಯವರು ಹತ್ತು ವರ್ಷಕ್ಕೊಮ್ಮೆ ಬರ್ತಾರ, ಕಂಡಕ್ಟರ್ ದಿನಾ ಎಣಿಸ್ತಾನ. ಆ ಡ್ರೈವರ್ ಅವತ್ತ ಎಷ್ಟು ಮಾರಿ ನೆನಿಸಿರಬೇಕು."

ನಂಗೆ ಅಲ್ಲಿ ನಿಂತಾಗ ಇನ್ನೊಂದು ಹೊಳೀತು, ಹೊಳೆದು ಎದೆ ಭಾರ ಆಯ್ತು. ದೇಶದಲ್ಲಿ ಕೊನೇ ಗಣತಿ 2011ರದ್ದು. ಅಂದ್ರೆ ಮಾಳಿಣ್‌ನ ಸಾಲಲ್ಲಿ ಇವತ್ತಿಗೂ ಇರೋ ಅಂಕಿ, ಗುಡ್ಡ ಕುಸಿಯೋದಕ್ಕೆ ಮೂರು ವರ್ಷ ಮುಂಚಿನದು. ಅವತ್ತು ಹೋದವರಲ್ಲಿ ಆ ಊರಿನವರು ಇನ್ನೂ ಆ ಅಂಕಿಯೊಳಗೇ ಇದ್ದಾರೆ, 2011ರಲ್ಲಿ ಆರು ವರ್ಷದೊಳಗಿದ್ದ ಮಕ್ಕಳೂ ಆ ಕಾಲಮ್ಮಲ್ಲೇ ಇದ್ದಾರೆ. ಆಮೇಲೆ ಹುಟ್ಟಿದವರು ಇನ್ನೂ ಬಂದಿಲ್ಲ. 2027ರಲ್ಲಿ ಯಾರೋ ನನ್ನಂಥ ಟೀಚರ್ ಒಬ್ಬರು ಬಂದು ಬಾಗಿಲು ಬಡಿದು ಹೆಸರು ಕೇಳಿದಾಗ ಆ ಸಾಲು ಬದಲಾಗುತ್ತೆ.

ಉಳಿದವರಿಗೆ ಹತ್ತಿರದ ಆಮಡೆಯಲ್ಲಿ ಹೊಸ ಊರು ಕಟ್ಟಿ 2017ರ ಏಪ್ರಿಲಲ್ಲಿ ಕೊಟ್ರು. ಅಲ್ಲೂ ಹೋದ್ವಿ. ಸಾಲು ಮನೆ, ಅಂಗಳದಲ್ಲಿ ದೀಪಾವಳಿ ರಂಗೋಲಿ ಇನ್ನೂ ಅಳಿಸಿರಲಿಲ್ಲ, ಒಂದು ಹುಡುಗಿ ಸೈಕಲ್ ಕಲೀತಿದ್ಲು, ಅವಳ ಹಿಂದೆ ಸೀಟ್ ಹಿಡ್ಕೊಂಡು ಅಣ್ಣ ಓಡ್ತಿದ್ದ. ಟಾರ್ ರೋಡು ಇದೆ. ಯಾರನ್ನೂ ಏನೂ ಕೇಳಲಿಲ್ಲ ನಾವು, ಒಂದು ಅಂಗಡಿಲಿ ಚಹಾ ಕುಡಿದು ವಾಪಸ್ ಬಂದ್ವಿ.

ಭೀಮಾಶಂಕರ ಇನ್ನೂ ಮೇಲೆ, ಹೋಗೋಕೆ ಹೊತ್ತಿರಲಿಲ್ಲ. ನಮ್ಮೂರ ಭೀಮೆ ಹುಟ್ಟೋದು ಅಲ್ಲಿ. ಡಿಂಭೆಲಿ ನಿಂತ ಘೋಡ್ ನೀರೂ ಕೆಳಗೆ ಹೋಗಿ ಭೀಮೆಗೇ ಸೇರೋದು. ಮಾಮಾ ಅಣೆಕಟ್ಟಿನ ಹಿನ್ನೀರು ಕಾಣೋ ತಿರುವಲ್ಲಿ ಜೀಪ್ ಕಿಟಕಿಯಿಂದ ಕೈ ಮುಗಿದ್ರು.

ರಾತ್ರಿ ಮತ್ತೆ ಎಂಟಕ್ಕೆ ಗಾಡಿ ಬಂತು. ಆವತ್ತು ತಟ್ಟೆ ಪಾಳಿ ಎದುರು ಮನೆಯವರದ್ದು, ಆದ್ರೂ ಮಾಮಾ ಬಾಳೆಹಣ್ಣು ತಗೊಂಡು ಹೋಗಿ ಕೊಟ್ಟು ಬಂದ್ರು.

ಮೂರನೇ ದಿನ, ಭಾನುವಾರ

ನಾಲ್ಕೂವರೆಗೆ ಎದ್ರೆ ಊರೆಲ್ಲ ಎದ್ದಿತ್ತು. ಎಲ್ಲ ಮನೇಲಿ ದೀಪ, ಭಾಕ್ರಿ ತಟ್ಟೋ ಸದ್ದು. ಸೋಮವಾರ ಶಿಫ್ಟಿಗೆ ಹೋಗೋರೆಲ್ಲ ಇವತ್ತೇ ಇಳೀಬೇಕು, ಇರೋದು ಒಂದೇ ಬಸ್ಸು. ಮೇಲಿನ ವಾಡಿಯಿಂದ ಟಾರ್ಚ್ ಬೆಳಕು ಸಾಲಾಗಿ ಇಳಿದು ಬರ್ತಿದ್ವು, ನಾನು ಎಣಿಸೋಕೆ ನೋಡಿದೆ, ತಿರುವಲ್ಲಿ ಮರೆಯಾಗಿ ಮತ್ತೆ ಕಾಣೋದ್ರಿಂದ ಲೆಕ್ಕ ತಪ್ಪಿ ಬಿಟ್ಟೆ.

ಅರಳೀಕಟ್ಟೆ ಸುತ್ತ ಜಾತ್ರೆ ತರ. ಪ್ರತಿಯೊಬ್ಬರ ಕೈಲೂ ಒಂದು ಚೀಲ, ಹೊಸ ಅಕ್ಕಿ, ನಾಚಣಿ ಹಿಟ್ಟು, ಹುರುಳಿ. ಇಲ್ಲೇ ಉಳಿಯೋರು ಕೆಳಗೆ ನಿಂತು ಕಿಟಕಿಯೊಳಗೆ ಚೀಲ ತೂರಿಸ್ತಿದ್ರು. ಬರದೇ ಇದ್ದ ಮಕ್ಕಳಿಗೆ ಡಬ್ಬಿ ಕಳಿಸೋರು ಬೇರೆ, ಒಬ್ಬರು ಡಬ್ಬಿಗೆ ಬಟ್ಟೆ ಕಟ್ಟಿ ಗಂಟಿನ ಮೇಲೆ ಚೀಟಿ ಸಿಕ್ಕಿಸಿ ಕಂಡಕ್ಟರ್ ಸೀಟಿನ ಕೆಳಗೆ ಇಟ್ರು, ಮಂಚರ್ ಸ್ಟ್ಯಾಂಡಲ್ಲಿ ಮಗಳು ಬಂದು ತಗೋತಾಳೆ ಅಂತ. ಮೇಲಿನ ವಾಡಿ ಆಜಿನೂ ಬಂದಿದ್ರು, ಅಷ್ಟು ದಾರಿ ಕತ್ತಲೆಲಿ ಇಳಿದು. ಮೊಮ್ಮಗನ್ನ ಹತ್ತಿಸೋಕೆ. ನನ್ನ ನೋಡಿ ಸೆರಗಿನ ಗಂಟು ಬಿಚ್ಚಿ ನನಗೂ ಒಂದು ಸಣ್ಣ ಪೊಟ್ಟಣ ಕೊಟ್ರು, ಒಣಗಿಸಿದ ಬಾಳ ಹಿರಡಾ, ಅಂದ್ರೆ ಎಳೇ ಅಳಲೆಕಾಯಿ, ಗಂಟಲು ಕೆಟ್ರೆ ಬಾಯಲ್ಲಿ ಇಟ್ಕೋ, ನೀನು ದಿನಾ ಪಾಠ ಹೇಳೋಳು ಅಂತ.

ಬಸ್ಸು ಸೀಟೆಲ್ಲ ತುಂಬಿ ನಡುವೆ ನಿಂತು ಬಾಗಿಲ ತನಕ ಜನ. ಕಂಡಕ್ಟರ್ ಒಳಗೆ ಬರೋಕೆ ಜಾಗ ಇಲ್ಲದೆ ಹಿಂದೇನೇ ನಿಂತು, ಹಗ್ಗ ಹಿಡಿದು ಎರಡು ಸಲ ಎಳೆದ. ಟಣ್ ಟಣ್. ಮಾಮಾ ಬಾಯಿ ತಾನಾಗೇ "ರೈಟ್" ಅಂದ್ಬಿಡ್ತು, ಪಕ್ಕದವರು ತಿರುಗಿ ನೋಡಿ ನಕ್ರು, ಅವರೂ ನಕ್ರು.

ಹಿಂದಿನ ಗಾಜಲ್ಲಿ ನೋಡಿದೆ, ಕೆಳಗೆ ನಿಂತಿದ್ದವರಲ್ಲಿ ಗಟ್ಟಿ ವಯಸ್ಸಿನವರು ಕೈಬೆರಳಲ್ಲಿ ಎಣಿಸುವಷ್ಟು, ಉಳಿದವರೆಲ್ಲ ಮುದುಕರು, ಮಕ್ಕಳು.

ಡಿಂಭೆ, ಘೋಡೇಗಾವ್, ಮಂಚರ್. ಮಂಚರ್‌ನಲ್ಲಿ ಪುಣೆ ಗಾಡಿಗೆ ಬದಲಾಯಿಸಿದ್ವಿ, ನಮ್ಮೂರ ಬಸ್ಸಿಂದ ಇಳಿದವರಲ್ಲಿ ಮುಕ್ಕಾಲು ಪಾಲು ಅದೇ ಗಾಡಿ ಹತ್ತಿದ್ರು. ಡಬ್ಬಿ ತಗೋಳ್ಳೋ ಮಗಳು ಪ್ಲಾಟ್‌ಫಾರ್ಮಲ್ಲೇ ನಿಂತಿದ್ಲು, ಕಂಡಕ್ಟರ್ ಕೈಗೆ ಕೊಟ್ಟ, ಅವಳು ಗಂಟು ಮುಟ್ಟಿ ನೋಡಿ ಇನ್ನೂ ಬಿಸಿ ಇದೆ ಅಂದ್ಲು.

ಚಾಕಣ ಬಂದಾಗ ಹತ್ತು ಗಂಟೆ. ಮಾಮಾ ತಮ್ಮ ಹಳೇ ಪಾಕೆಟ್ ಡೈರಿ ತೆಗೆದು ಮೊಣಕಾಲ ಮೇಲಿಟ್ಕೊಂಡಿದ್ರು. ಆ ಊರಿನವರು ಒಬ್ಬೊಬ್ಬರೇ ಚೀಲ ಹೆಗಲಿಗೆ ಹಾಕ್ಕೊಂಡು ಇಳೀತಿದ್ದ ಹಾಗೆ ಒಂದೊಂದು ಗೆರೆ ಎಳೀತಾ ಹೋದ್ರು, ನಾಲ್ಕು ಗೆರೆಗೆ ಒಂದು ಅಡ್ಡ ಗೆರೆ. ಚಾಕಣದಲ್ಲಿ 19. ಮೋಶಿಲಿ 6. ಭೋಸರಿಲಿ ಮಾವಶಿ, ಅವರ ಗಂಡ, ಇಬ್ಬರು ಮಕ್ಕಳು, ಆಜಿ ಮೊಮ್ಮಗ, ಮತ್ತೆ ಇನ್ನೂ ನಾಲ್ವರು.

ನಾವೂ ಅಲ್ಲೇ ಇಳಿದ್ವಿ. ಮಾವಶಿ ಗಂಡ ಅಕ್ಕಿ ಚೀಲ ಕೆಳಗಿಟ್ಟು, ಸಂಜೆ ಶಿಫ್ಟ್ ಇದೆ ಸ್ವಲ್ಪ ಮಲಗಬೇಕು ಅಂದು ರೂಮಿನ ಕಡೆ ನಡೆದ್ರು. ಮಾಮಾ ಡೈರಿಲಿ ಕೂಡಿಸಿ ಕೆಳಗೆ 34 ಅಂತ ಬರೆದು, ಊರಿನ ಹೆಸರು, ತಾರೀಖು ಹಾಕಿ, ಪೆನ್ನು ಜೇಬಿಗೆ ಸಿಕ್ಕಿಸ್ಕೊಂಡ್ರು. "ಸಂಜಿ ಗಾಡಿಗೆ ಎಷ್ಟು ಮಂದಿ ವಾಪಸ್ ಹೋಗ್ತಾರೋ ಏನೋ, ಅದೂ ನೋಡಬೇಕಿತ್ತವ್ವಾ" ಅಂದ್ರು.